ರೇಖಾಗಣಿತ ಪಾಠಕ್ಕೆ ಕಾಗದ, ಮೊಳೆಹಲಗೆ, ಕೈವಾರ, ಜಿಯೋಜೆಬ್ರಾ: ಯಾವುದು ಮೊದಲು, ಯಾವುದು ಆಮೇಲೆ

ಎಂಟನೇ ತರಗತಿಯಲ್ಲಿ ಒಮ್ಮೆ, ತಮಗಿಷ್ಟ ಬಂದ ತ್ರಿಭುಜ ಬರೆದು ಮೂರೂ ಕೋನ ಅಳೆದು ಕೂಡಿಸಿ ಎಂದು ಮಕ್ಕಳಿಗೆ ಹೇಳಿದೆ. ಮುಂದಿನ ಸಾಲಿನ ಹುಡುಗಿಗೆ 178 ಬಂತು, ಪಕ್ಕದವಳಿಗೆ 183. ಹಿಂದಿನ ಎರಡು ಬೆಂಚಿನಲ್ಲಿ ಎಲ್ಲರಿಗೂ ಕರಾರುವಾಕ್ಕಾಗಿ 180. ಹೋಗಿ ನೋಡಿದರೆ ಅಲ್ಲಿ ಯಾರೂ ಮೂರನೆಯ ಕೋನಕ್ಕೆ ಕೋನಮಾಪಕ ಇಟ್ಟೇ ಇರಲಿಲ್ಲ. ಎರಡನ್ನು ಅಳೆದು, 180ರಲ್ಲಿ ಕಳೆದು ಬರೆದಿದ್ದರು. ನಿಜವಾಗಿ ಅಳೆದ ಹುಡುಗಿ ಮಾತ್ರ ತಾನೇ ತಪ್ಪಿದೆನೆಂದು ರಬ್ಬರ್ ಹಿಡಿದು ಪುಟ ಉಜ್ಜುತ್ತಿದ್ದಳು.

ಅವತ್ತು ತಪ್ಪಿದ್ದು ನಾನು. ಉಪಕರಣ ಕೈಗೆ ಕೊಟ್ಟಿದ್ದೆ. ಅದು ಯಾವ ಪ್ರಶ್ನೆಗೆ, ಯಾವುದರ ನಂತರ ಎಂದು ಯೋಚಿಸಿರಲಿಲ್ಲ. ಜೊತೆಯ ಶಿಕ್ಷಕರು ಹೇಳಿಕೊಳ್ಳುವ ಕಷ್ಟವೂ ಇಲ್ಲಿಗೇ ಬಂದು ನಿಲ್ಲುತ್ತದೆ: "ಕಾಗದ ಮಡಿಸಿ ತೋರಿಸಿದೆ, ಜಿಯೋಜೆಬ್ರಾನೂ ಹಾಕಿದೆ, ಮಕ್ಕಳು ಖುಷಿಪಟ್ಟರು. ಆದರೆ ಸಾಧನೆ (ಪ್ರೂಫ್) ಬರೀರಿ ಅಂದರೆ ಒಬ್ಬರೂ ಬರೆಯಲಿಲ್ಲ."

ಈ ಮಾರ್ಗದರ್ಶಿಯಲ್ಲಿ ಮೂರು ಸಂಗತಿಗಳನ್ನು ಒಂದಕ್ಕೊಂದು ಪೋಣಿಸಿದ್ದೇನೆ. ತ್ರಿಭುಜದ ಕೋನಗಳ ಮೊತ್ತ 180°. ಅರ್ಧವೃತ್ತದಲ್ಲಿನ ಕೋನ 90°. ಹೊರಗಿನ ಬಿಂದುವಿನಿಂದ ವೃತ್ತಕ್ಕೆ ಸ್ಪರ್ಶಕ, ಅಂದರೆ ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ರೇಖೆ. ಮೊದಲನೆಯದರ ಮೇಲೆ ಎರಡನೆಯದು ನಿಂತಿದೆ, ಎರಡನೆಯದರ ಮೇಲೆ ಮೂರನೆಯದು. ಎಂಟರಿಂದ ಹತ್ತನೇ ತರಗತಿಯವರೆಗೆ ಬೇಕಾದಾಗ ಬೇಕಾದಷ್ಟು ತೆಗೆದುಕೊಳ್ಳಬಹುದು, ಕ್ರಮ ಮಾತ್ರ ತಪ್ಪಿಸಬೇಡಿ.

ಬೇಕಾಗುವ ಸಾಮಾನು

ಬಣ್ಣದ ಕಾಗದ ಅಥವಾ ಹಳೆಯ ಕ್ಯಾಲೆಂಡರ್ ಹಾಳೆ, ಕತ್ತರಿ, ಬಣ್ಣದ ಪೆನ್ಸಿಲ್, ಗುಂಡುಸೂಜಿ, ಒಂದು ತುಂಡು ಥರ್ಮೋಕೋಲ್ ಅಥವಾ ದಪ್ಪ ರಟ್ಟು, ಹಳೆಯ ಲಗ್ನಪತ್ರಿಕೆಗಳು. ಲಗ್ನಪತ್ರಿಕೆಯ ಮೂಲೆ ಗಟ್ಟಿಯಾಗಿರುತ್ತದೆ, ಮುಂದೆ ಅದರಿಂದ ದೊಡ್ಡ ಕೆಲಸವಿದೆ. ಮೊಳೆಹಲಗೆಗೆ 12 ಮಿ.ಮೀ. ಪ್ಲೈವುಡ್‌ನ 15 ಸೆಂ.ಮೀ. ಚೌಕ, 25 ಮೊಳೆ, ರಬ್ಬರ್ ಬ್ಯಾಂಡ್. ಪ್ರತಿ ಮಗುವಿಗೂ ಜಾಮಿಟ್ರಿ ಬಾಕ್ಸ್. ಕೊನೆಗೆ ಜಿಯೋಜೆಬ್ರಾ (ರೇಖಾಗಣಿತದ ಚಿತ್ರ ಬರೆಯುವ ತಂತ್ರಾಂಶ) ಹಾಕಿದ ಒಂದು ಕಂಪ್ಯೂಟರ್ ಅಥವಾ ಮೊಬೈಲ್. ಬೋಧನೆಗೆ ಅದು ಉಚಿತ. ಶಾಲೆಯಲ್ಲಿ ನೆಟ್‌ವರ್ಕ್ ನಂಬಬೇಡಿ. ಹಿಂದಿನ ದಿನವೇ ಆ್ಯಪ್ ಇಳಿಸಿಕೊಂಡು, ಇಂಟರ್ನೆಟ್ ಆರಿಸಿ ಒಮ್ಮೆ ತೆರೆದು ನೋಡಿ.

ಹಂತ 1: ಜಾಮಿಟ್ರಿ ಬಾಕ್ಸ್ ತಪಾಸಣೆ

ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು ಎಡವುವುದು. ಅರ್ಧ ಪಿರಿಯಡ್ ಹೋದರೂ ಹೋಗಲಿ.

ಕೈವಾರ: 5 ಸೆಂ.ಮೀ. ತ್ರಿಜ್ಯದ ವೃತ್ತ ಬರೆಸಿ. ಕೈವಾರ ಅಲುಗಿಸದೆ ಅದೇ ಅಳತೆಯಲ್ಲಿ ಪರಿಧಿಯ ಮೇಲೆ ಒಂದರ ಹಿಂದೆ ಒಂದು ಕಂಸ ಹಾಕುತ್ತಾ ಹೋಗಲಿ. ಆರನೆಯ ಕಂಸ ಹೊರಟ ಬಿಂದುವಿಗೇ ಬಂದು ಕೂಡಬೇಕು. ಒಂದೆರಡು ಮಿ.ಮೀ. ಆಚೀಚೆ ಆದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚು ಬಿಟ್ಟುಹೋದರೆ ತಿರುಪು ಸಡಿಲವಾಗಿದೆ, ಇಲ್ಲವೇ ಪೆನ್ಸಿಲ್ ಮೊಂಡಾಗಿದೆ. ತಿರುಪು ಬಿಗಿ ಮಾಡಿ. ಪೆನ್ಸಿಲ್ ಚೂಪು ಮಾಡಿ, ಅದರ ತುದಿಯೂ ಸೂಜಿಯ ತುದಿಯೂ ಒಂದೇ ಮಟ್ಟಕ್ಕೆ ಬರುವಂತೆ ಕೂರಿಸಿ. ಬರೀ ಬೆಂಚಿನ ಮೇಲೆ ಒಂದೇ ಹಾಳೆ ಇಟ್ಟರೆ ಸೂಜಿ ಜಾರುತ್ತದೆ. ಕೆಳಗೆ ನೋಟ್‌ಬುಕ್ ಇರಲಿ.

ಕೋನಮಾಪಕ: ಮಕ್ಕಳು ಪ್ಲಾಸ್ಟಿಕ್ಕಿನ ಕೆಳ ಅಂಚನ್ನು ರೇಖೆಗೆ ತಾಗಿಸುತ್ತಾರೆ. ಕೂರಿಸಬೇಕಾದ್ದು ಅಂಚನ್ನಲ್ಲ, 0–180 ಗೆರೆಯನ್ನು. ಅದರ ನಡುವಿನ ಗುರುತು ಶೃಂಗದ ಮೇಲೆ ಬರಬೇಕು. ಹೆಚ್ಚಿನ ಕೋನಮಾಪಕಗಳಲ್ಲಿ ಈ ಗೆರೆ ಅಂಚಿನಿಂದ ಕೊಂಚ ಮೇಲಿರುತ್ತದೆ. ಇನ್ನೊಂದು ತಪ್ಪು ಒಳ ಅಂಕಿ, ಹೊರ ಅಂಕಿಯ ಗೊಂದಲ: 50°ಯನ್ನು 130° ಎಂದು ಓದುವುದು. ಅಳೆಯುವ ಮೊದಲೇ "ಈ ಕೋನ ಕಾಗದದ ಮೂಲೆಗಿಂತ ಚಿಕ್ಕದೋ ದೊಡ್ಡದೋ?" ಎಂದು ಬಾಯಿಬಿಟ್ಟು ಹೇಳಿಸಿ. ಚಿಕ್ಕದು ಎಂದು ಹೇಳಿದ ಮಗು 130 ಎಂದು ಬರೆಯುವುದಿಲ್ಲ.

ಈಗ ತ್ರಿಭುಜದ ಮೂರು ಕೋನ ಅಳೆಸಿ. ಬಾಹುಗಳು ಕೋನಮಾಪಕಕ್ಕಿಂತ ಉದ್ದವಿರಲಿ, ಇಲ್ಲದಿದ್ದರೆ ಅಂಕಿ ಓದುವಾಗ ಅಂದಾಜು ನುಗ್ಗುತ್ತದೆ. ಬಂದ ಮೊತ್ತಗಳನ್ನೆಲ್ಲ, 177 ಆಗಲಿ 182 ಆಗಲಿ, ಬೋರ್ಡ್ ಮೇಲೆ ಹಾಗೇ ಬರೆಯಿರಿ. ಯಾವುದನ್ನೂ ಅಳಿಸಬೇಡಿ, ಯಾರನ್ನೂ ಗದರಬೇಡಿ. "ಎಲ್ಲರದೂ ಬೇರೆ ಬೇರೆ ತ್ರಿಭುಜ, ಆದರೂ ಎಲ್ಲ ಅಂಕಿ 180ರ ಸುತ್ತಲೇ ಯಾಕೆ ಸುತ್ತುತ್ತವೆ?" ಎಂಬ ಪ್ರಶ್ನೆಯನ್ನು ಅಂಕಿಗಳ ಪಕ್ಕದಲ್ಲೇ ಬರೆದು ಬಿಡಿ.

ಎಚ್ಚರಿಕೆಯ ಗುರುತು: ಇಡೀ ತರಗತಿಗೆ 180 ಬಂದರೆ ಯಾರೂ ಅಳೆದಿಲ್ಲ ಎಂದೇ ಅರ್ಥ.

ಹಂತ 2: ಕಾಗದ ಮಡಿಸುವುದು

ಮೂರು ಮೂಲೆ ಹರಿದು ಒಟ್ಟಿಗೆ ಜೋಡಿಸುವ ವಿಧಾನ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದೇ ಅಪಾಯ: ಹರಿದ ತುಂಡಿಗೂ ಮೂರು ಮೂಲೆ ಇರುತ್ತವೆ, ತ್ರಿಭುಜದ ಮೂಲೆ ಯಾವುದೆಂದು ಮಗುವಿಗೆ ಮರೆತುಹೋಗುತ್ತದೆ. ಹರಿಯುವ ಮೊದಲು ಮೂರೂ ಕೋನಕ್ಕೆ ಬೇರೆ ಬೇರೆ ಬಣ್ಣದ ಕಂಸ ಹಾಕಿಸಿದರೆ ಮುಗಿಯಿತು.

ನನಗೆ ಹೆಚ್ಚು ಒಗ್ಗಿದ್ದು ಮಡಿಸುವ ವಿಧಾನ. ಏನೂ ಹರಿಯುವುದಿಲ್ಲ, ಬಿಚ್ಚಿ ಮತ್ತೆ ನೋಡಬಹುದು, ಪುಸ್ತಕಕ್ಕೆ ಅಂಟಿಸಿಡಬಹುದು.

1. ತ್ರಿಭುಜ ಕತ್ತರಿಸಿ, ಅತಿ ಉದ್ದದ ಬಾಹು ಕೆಳಗೆ ಬರುವಂತೆ ಇಡಿ. ಕೆಳಗಿನ ಶೃಂಗಗಳು ಬಿ, ಸಿ, ಮೇಲಿನದು ಎ.

2. ಬಿಸಿ ಬಾಹು ತನ್ನ ಮೇಲೇ ತಾನು ಕೂರುವಂತೆ, ಮಡಿಕೆ ಎ ಶೃಂಗದ ಮೂಲಕ ಹಾದುಹೋಗುವಂತೆ ಮಡಿಸಿ ಬಿಚ್ಚಿ. ಮಡಿಕೆ ಬುಡಕ್ಕೆ ತಾಗುವಲ್ಲಿ ಡಿ ಎಂದು ಗುರುತಿಡಿ. ಎತ್ತರ ಸಿಕ್ಕಿತು.

3. ಎ ಶೃಂಗವನ್ನು ಕೆಳಗೆ ತಂದು ಡಿ ಮೇಲೆ ಕೂರಿಸಿ, ಉಗುರಿನಿಂದ ತೀಡಿ.

4. ಎಡದಿಂದ ಬಿ, ಬಲದಿಂದ ಸಿ, ಎರಡನ್ನೂ ಡಿಗೆ ತನ್ನಿ.

ಮೂರು ಮೂಲೆಗಳೂ ಡಿಯಲ್ಲಿ ಸೇರಿ, ನಡುವೆ ಸಂದಿಲ್ಲದೆ, ಒಂದರ ಮೇಲೊಂದು ಏರದೆ, ಬುಡದ ರೇಖೆಯ ಮೇಲೆ ಕೂರುತ್ತವೆ. ಒಟ್ಟಾರೆ ಆಕಾರ ಒಂದು ಆಯತ. ಇಲ್ಲಿ ಮಕ್ಕಳ ಬಾಯಲ್ಲಿ "ಸರಳಕೋನ" (180°ಯ ಕೋನ) ಎಂಬ ಪದ ತಾನಾಗಿ ಬರುವವರೆಗೆ ನೀವು ಸುಮ್ಮನಿರಿ. ಒಂದು ನಿಮಿಷ ತಡವಾದರೂ ಬರುತ್ತದೆ.

ಕೆಡುವುದು ಹೆಚ್ಚಾಗಿ ಮೊದಲನೆಯ ಹೆಜ್ಜೆಯಲ್ಲೇ. ವಿಶಾಲಕೋನವನ್ನು ಬುಡದಲ್ಲಿ ಇಟ್ಟುಕೊಂಡರೆ ಎತ್ತರ ಕಾಗದದ ಹೊರಗೆ ಬೀಳುತ್ತದೆ, ಮಡಿಸಲು ಏನೂ ಇರುವುದಿಲ್ಲ. ಅದಕ್ಕೇ ಅತಿ ಉದ್ದದ ಬಾಹು ಕೆಳಗೆ. ಹಾಗೆಂದು ಎಲ್ಲರಿಗೂ ಅಂದವಾದ ಸಮಬಾಹು ತ್ರಿಭುಜ ಕತ್ತರಿಸಿ ಕೊಡಬೇಡಿ. ಆಗ ಅದೊಂದೇ ತ್ರಿಭುಜದ ಗುಣ ಎಂದುಕೊಳ್ಳುತ್ತಾರೆ. ಸೊಟ್ಟ, ಉದ್ದುದ್ದ, ಚಪ್ಪಟೆ, ಎಲ್ಲ ತರಹದವೂ ತರಗತಿಯಲ್ಲಿ ಓಡಾಡಲಿ.

ಹಂತ 3: ಮೊಳೆಹಲಗೆ, ಮತ್ತು ಅದರಿಂದ ಆಗದ ಕೆಲಸ

ಪ್ಲೈವುಡ್ ಮೇಲೆ ಗ್ರಾಫ್ ಹಾಳೆ ಅಂಟಿಸಿ, 3 ಸೆಂ.ಮೀ.ಗೆ ಒಂದರಂತೆ ಐದು ಸಾಲು, ಸಾಲಿಗೆ ಐದು ಮೊಳೆ ಹೊಡೆಯಿರಿ. ಒಂದು ಇಂಚಿನ ಮೊಳೆ ಸಾಕು, ಅರ್ಧಕ್ಕಿಂತ ಕಡಿಮೆ ಒಳಗೆ ಹೋಗಲಿ. ಹಲಗೆಯ ಹಿಂದೆ ಮೊಳೆಯ ತುದಿ ಮೂಡಿದೆಯೇ ಎಂದು ಬೆರಳಾಡಿಸಿ ನೋಡಿಯೇ ಮಕ್ಕಳ ಕೈಗೆ ಕೊಡಿ.

ಈ ಹಲಗೆ ಕೋನಕ್ಕಲ್ಲ, ವಿಸ್ತೀರ್ಣಕ್ಕೆ. ಪಕ್ಕದ ಎರಡು ಮೊಳೆಗಳ ನಡುವಿನ ಅಂತರ ಒಂದು ಮಾನ. ಬುಡ 4 ಮಾನ, ಎತ್ತರ 3 ಮಾನ ಇರುವ ತ್ರಿಭುಜವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಸಿ. ವಿಸ್ತೀರ್ಣ 6 ಚದರ ಮಾನ. ಬುಡ ಅಲ್ಲೇ ಇರಲಿ, ಮೇಲಿನ ಶೃಂಗವನ್ನು ಅದೇ ಸಾಲಿನ ಐದೂ ಮೊಳೆಗಳಿಗೆ ಒಂದೊಂದಾಗಿ ಸರಿಸಲಿ. ತ್ರಿಭುಜ ವಾಲುತ್ತದೆ, ಬಾಹುಗಳ ಉದ್ದ ಬದಲಾಗುತ್ತದೆ, ವಿಸ್ತೀರ್ಣ ಮಾತ್ರ 6ರಲ್ಲೇ ನಿಲ್ಲುತ್ತದೆ. ಒಂದೇ ಪಾದದ (ಬುಡದ) ಮೇಲೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಸಮ ಎಂಬ ಪ್ರಮೇಯ ಬೆರಳ ತುದಿಗೆ ಸಿಗುವುದು ಹೀಗೆ. ಕಣ್ಣು ಮಂದವಿರುವ ಮಗುವಿಗೂ ಇದು ಪೂರ್ತಿ ದಕ್ಕುತ್ತದೆ.

ಮಕ್ಕಳು ಎಡವುವ ಎರಡು ಕಡೆ: ಒಂದು, ಮೊಳೆಗಳನ್ನು ಎಣಿಸಿ "ಐದು" ಎನ್ನುವುದು. ಎಣಿಸಬೇಕಾದ್ದು ಮೊಳೆಗಳ ನಡುವಿನ ಸಂದು, ಅದು ನಾಲ್ಕೇ. ಎರಡು, ಓರೆಯಾಗಿ ಪಕ್ಕದ ಮೊಳೆಗೆ ಹೋದರೂ "ಒಂದು ಮಾನ" ಎನ್ನುವುದು. ಅದು √2, ಅಂದರೆ ಸುಮಾರು 1.41. ದಾರ ಹಿಡಿದು ಅಳೆಸಿ, ಒಪ್ಪುತ್ತಾರೆ.

ಇನ್ನೊಂದು ಎಚ್ಚರಿಕೆ ಶಿಕ್ಷಕರಿಗೆ. ಈ ಹಲಗೆಯ ಮೇಲೆ ಸಮಬಾಹು ತ್ರಿಭುಜ ಕಟ್ಟಿ ಎಂದು ಹೇಳಬೇಡಿ, ಅದು ಸಾಧ್ಯವೇ ಇಲ್ಲ. ಬುಡ 4, ಎತ್ತರ 3 ಇಟ್ಟು ತುದಿಯನ್ನು ನಡುವಿನ ಮೊಳೆಗೆ ಸಿಕ್ಕಿಸಿದರೆ ಮಕ್ಕಳು "ಆಯ್ತು ಸರ್" ಎನ್ನುತ್ತಾರೆ. ಆದರೆ ಓರೆ ಬಾಹು √13, ಸುಮಾರು 3.6. ಹಲಗೆ ಎಷ್ಟೇ ದೊಡ್ಡದಾದರೂ ಇದೇ ಗತಿ: ಚೌಕ ಮೊಳೆಗಳ ಮೇಲಿನ ತ್ರಿಭುಜದ ವಿಸ್ತೀರ್ಣ ಯಾವಾಗಲೂ ಪೂರ್ಣ ಸಂಖ್ಯೆ ಅಥವಾ ಅದರ ಅರ್ಧ, ಸಮಬಾಹು ತ್ರಿಭುಜದ ವಿಸ್ತೀರ್ಣದಲ್ಲಾದರೋ √3 ಬಂದೇ ಬರುತ್ತದೆ. ಸಮಬಾಹು ಬೇಕೆಂದರೆ ರಂಗೋಲಿಯ ಸಂದುಚುಕ್ಕಿಗೆ ಹೋಗಿ: ಮೇಲಿನ ಸಾಲಿನ ಚುಕ್ಕಿ ಕೆಳಗಿನ ಎರಡು ಚುಕ್ಕಿಗಳ ನಡುವೆ ಬೀಳುವಂತೆ ಇಡುವುದು. ಚುಕ್ಕಿಗಳ ನಡುವೆ 4 ಸೆಂ.ಮೀ. ಇದ್ದರೆ ಸಾಲುಗಳ ನಡುವೆ ಸುಮಾರು 3.5 ಸೆಂ.ಮೀ. ಇರಲಿ, ಪಕ್ಕಪಕ್ಕದ ಯಾವ ಮೂರು ಚುಕ್ಕಿ ಸೇರಿಸಿದರೂ ಸಮಬಾಹುವೇ. ಮನೆ ಮುಂದೆ ದಿನವೂ ರಂಗೋಲಿ ಹಾಕುವ ಹುಡುಗಿಯನ್ನು ಬೋರ್ಡಿಗೆ ಕರೆಯಿರಿ, ಚುಕ್ಕಿ ಇಡುವುದನ್ನು ಅವಳೇ ಕಲಿಸುತ್ತಾಳೆ.

ಹಂತ 4: ಲಗ್ನಪತ್ರಿಕೆಯ ಮೂಲೆಯಿಂದ ಅರ್ಧವೃತ್ತ

ಇದನ್ನು ಕೈವಾರಕ್ಕಿಂತ ಮೊದಲೇ ಮಾಡಿಸಬೇಕು. ವೃತ್ತ ಬರೆದುಕೊಟ್ಟು "ಕೋನ ಅಳೆಯಿರಿ, 90 ಬರುತ್ತದೆ" ಎಂದುಬಿಟ್ಟರೆ ಹುಡುಕಲು ಏನೂ ಉಳಿಯುವುದಿಲ್ಲ.

ಥರ್ಮೋಕೋಲ್ ಮೇಲೆ ಹಾಳೆ ಹಾಸಿ, 10 ಸೆಂ.ಮೀ. ಅಂತರದಲ್ಲಿ ಎರಡು ಗುಂಡುಸೂಜಿ ಚುಚ್ಚಿ. ಅವು ಎ ಮತ್ತು ಬಿ. ಲಗ್ನಪತ್ರಿಕೆಯ ಮೂಲೆಯನ್ನು ಸೂಜಿಗಳ ನಡುವೆ ತೂರಿಸಿ, ಒಂದು ಅಂಚು ಎಗೂ ಇನ್ನೊಂದು ಅಂಚು ಬಿಗೂ ಒತ್ತಿಕೊಂಡಿರುವಂತೆ ಹಿಡಿದು, ಮೂಲೆ ಇರುವಲ್ಲಿ ಪೆನ್ಸಿಲ್ ಚುಕ್ಕಿ ಇಡಿ. ಪತ್ರಿಕೆಯನ್ನು ಸ್ವಲ್ಪ ತಿರುಗಿಸಿ ಮತ್ತೊಂದು ಚುಕ್ಕಿ. ಹೀಗೆ ಹದಿನೈದು ಇಪ್ಪತ್ತು ಚುಕ್ಕಿ. ಏಳೆಂಟು ಚುಕ್ಕಿ ಆಗುವಷ್ಟರಲ್ಲಿ ಯಾವುದಾದರೂ ಬೆಂಚಿನಿಂದ "ಸರ್, ಇದು ದುಂಡಗೆ ಬರ್ತಿದೆ" ಎಂಬ ಮಾತು ಕೇಳುತ್ತದೆ.

ಈಗ ಕೈವಾರ ತೆಗೆಯಲಿ. ಎಬಿಯ ಮಧ್ಯಬಿಂದು ಒದಲ್ಲಿ ಸೂಜಿ, 5 ಸೆಂ.ಮೀ. ಅಳತೆ. ವೃತ್ತ ಆ ಚುಕ್ಕಿಗಳ ಮೇಲೆ ಹಾದುಹೋಗುತ್ತದೆ.

ಚುಕ್ಕಿಗಳು ವೃತ್ತದಿಂದ ಒಂದೇ ಸಮನೆ ಒಳಗೋ ಹೊರಗೋ ಬಿದ್ದರೆ ಪತ್ರಿಕೆಯ ಮೂಲೆ ಲಂಬಕೋನವಲ್ಲ. ಈಚಿನ ಪತ್ರಿಕೆಗಳಲ್ಲಿ ಮೂಲೆ ದುಂಡಗೆ ಕತ್ತರಿಸಿರುವುದುಂಟು. ಮೊದಲೇ ಮೂಲೆಮಟ್ಟ ಇಟ್ಟು ನೋಡಿಕೊಳ್ಳಿ. ಚುಕ್ಕಿ ಒಂದೆರಡು ಮಾತ್ರ ದಾರಿ ತಪ್ಪಿದ್ದರೆ ಅಂಚು ಸೂಜಿಯಿಂದ ಬಿಟ್ಟುಕೊಂಡಿತ್ತು ಅಷ್ಟೆ.

ಹಂತ 5: ಕೈವಾರದಿಂದ ಸ್ಪರ್ಶಕ

3 ಸೆಂ.ಮೀ. ತ್ರಿಜ್ಯ, ಕೇಂದ್ರದಿಂದ 5 ಸೆಂ.ಮೀ. ದೂರದ ಬಿಂದು ಪಿ. ಈ ಅಳತೆಗಳನ್ನೇ ಕೊಡಿ, ಕಾರಣ ಕೆಳಗಿದೆ.

1. ಒಪಿ ರೇಖಾಖಂಡ ಎಳೆದು, ಒ ಕೇಂದ್ರವಾಗಿ 3 ಸೆಂ.ಮೀ. ವೃತ್ತ.

2. ಒಪಿಯ ಲಂಬಾರ್ಧಕ, ಅಂದರೆ ಒಪಿಯನ್ನು ಸರಿನಡುವೆ ಲಂಬವಾಗಿ ಕತ್ತರಿಸುವ ರೇಖೆ. ಕೈವಾರವನ್ನು ಒಪಿಯ ಅರ್ಧಕ್ಕಿಂತ ಹೆಚ್ಚು, 4 ಸೆಂ.ಮೀ.ನಷ್ಟು ತೆರೆಯಿರಿ. ಬರೀ 2.6 ತೆರೆದರೆ ಕಂಸಗಳು ರೇಖೆಯ ಹತ್ತಿರವೇ ಕೂಡಿ, ಲಂಬಾರ್ಧಕ ವಾಲಿಬಿಡುತ್ತದೆ. ಎರಡೂ ಕಡೆಯ ಕಂಸಕ್ಕೆ ಒಂದೇ ಅಳತೆ.

3. ಸಿಕ್ಕ ಮಧ್ಯಬಿಂದು ಎಂ. ಎಂ ಕೇಂದ್ರ, ಎಂಒ ತ್ರಿಜ್ಯವಾಗಿ ಎರಡನೆಯ ವೃತ್ತ.

4. ಎರಡು ವೃತ್ತಗಳು ಕೂಡುವ ಎರಡು ಬಿಂದುಗಳಿಗೆ ಪಿಯಿಂದ ರೇಖೆ. ಇವೇ ಸ್ಪರ್ಶಕಗಳು.

ಅಳೆದರೆ ಸ್ಪರ್ಶಕದ ಉದ್ದ 4 ಸೆಂ.ಮೀ., ಒಂದು ಮಿ.ಮೀ. ಹೆಚ್ಚುಕಡಿಮೆ ಇರಬಹುದು. ತ್ರಿಜ್ಯ 3, ಸ್ಪರ್ಶಕ 4, ಒಪಿ 5. ಮನೆ ಪಾಯಕ್ಕೆ ದಾರ ಹಿಡಿಯುವಾಗ ಗಾರೆಯವರು ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತಿಟ್ಟು, ಓರೆಗೆ ಐದಡಿ ಬಂದರೆ ಮೂಲೆ ಸರಿ ಎನ್ನುವುದೂ ಇದೇ ಲೆಕ್ಕ. ಅಪ್ಪ ಗಾರೆ ಕೆಲಸ ಮಾಡುವ ಮಕ್ಕಳು ತರಗತಿಯಲ್ಲಿದ್ದರೆ ಅವರಿಂದಲೇ ಹೇಳಿಸಿ.

ಇಲ್ಲಿ ಒಂದು ಮೋಸ ಅಡಗಿದೆ. ಪಿಯಿಂದ ಸ್ಕೇಲ್ ಇಟ್ಟು, ವೃತ್ತಕ್ಕೆ ತಾಗಿತು ಎಂದು ಕಣ್ಣಂದಾಜಿನಲ್ಲಿ ಗೆರೆ ಎಳೆದವನಿಗೂ 4 ಸೆಂ.ಮೀ. ಹತ್ತಿರವೇ ಬರುತ್ತದೆ. ಅಳತೆ ಸರಿ ಬಂದ ಮಾತ್ರಕ್ಕೆ ರಚನೆ ಸರಿ ಎನ್ನಲಾಗದು. ಪುಸ್ತಕ ತಿದ್ದುವಾಗ ಉತ್ತರ ನೋಡುವ ಮೊದಲು ಕಂಸಗಳನ್ನು ನೋಡಿ. ಕಂಸ ಅಳಿಸಿದ ಪುಟ ಅಚ್ಚುಕಟ್ಟಾಗಿ ಕಂಡರೂ ಅದರಲ್ಲಿ ನಾವು ಓದಬೇಕಾದ್ದು ಉಳಿದಿರುವುದಿಲ್ಲ.

ಹಂತ 6: ಜಿಯೋಜೆಬ್ರಾ

ಕೈಯಲ್ಲಿ ಮಾಡಿದ್ದನ್ನೇ ಇಲ್ಲಿ ಮಾಡಿಸುವುದು. ಹೊಸ ವಿಷಯವನ್ನು ಪರದೆಯ ಮೇಲೆ ಶುರು ಮಾಡಿದರೆ ಅದು ಸಿನಿಮಾ ನೋಡಿದಂತಾಗುತ್ತದೆ. ಕೈವಾರ ಹಿಡಿದು ಕಷ್ಟಪಟ್ಟ ಮಗುವಿಗೆ ಮಾತ್ರ ಪರದೆಯಲ್ಲಿ ಏನು ಹೊಸತೆಂದು ತಿಳಿಯುತ್ತದೆ: ಬರೆದ ಚಿತ್ರವನ್ನು ಎಳೆದಾಡಬಹುದು.

ಮೊದಲು ಅಕ್ಷಗಳನ್ನೂ ಗ್ರಿಡ್ಡನ್ನೂ ಆರಿಸಿ. ಗ್ರಿಡ್ ಇದ್ದರೆ ಬಿಂದುಗಳು ಅದಕ್ಕೆ ಅಂಟಿಕೊಂಡು, ಎಲ್ಲ ಉದ್ದವೂ ಪೂರ್ಣ ಸಂಖ್ಯೆಯೇ ಎಂಬ ಭ್ರಮೆ ಹುಟ್ಟಿಸುತ್ತವೆ.

ಅರ್ಧವೃತ್ತದ ಚಿತ್ರ ಹೀಗೆ: ಸೆಗ್ಮೆಂಟ್ ಟೂಲ್‌ನಿಂದ ಎಬಿ. ಮಿಡ್‌ಪಾಯಿಂಟ್ ಟೂಲ್‌ನಿಂದ ನಡುಬಿಂದು. ಅದಕ್ಕೆ ತಾನಾಗಿ ಬಂದ ಹೆಸರನ್ನು ಹಂತ 4ರಲ್ಲಿದ್ದಂತೆ ಒ ಎಂದು ಬದಲಿಸಿ. ಸರ್ಕಲ್ ವಿತ್ ಸೆಂಟರ್ ಥ್ರೂ ಪಾಯಿಂಟ್ ಟೂಲ್ ಹಿಡಿದು ನಡುಬಿಂದು, ಆಮೇಲೆ ಎ ಒತ್ತಿ. ಪಾಯಿಂಟ್ ಟೂಲ್‌ನಿಂದ ವೃತ್ತದ ಗೆರೆಯ ಮೇಲೆ ಡಿ. ಎಡಿ, ಬಿಡಿ ಸೇರಿಸಿ, ಆ್ಯಂಗಲ್ ಟೂಲ್‌ನಿಂದ ಡಿಯಲ್ಲಿನ ಕೋನ. ಈಗ ಮೂವ್ ಟೂಲ್ ಹಿಡಿದು ಡಿಯನ್ನು ಎಳೆಯಲಿ.

ಇಲ್ಲಿ ಕೈಕೊಡುವುದು ನಾಲ್ಕು ಕಡೆ.

ಡಿ ವೃತ್ತ ಬಿಟ್ಟು ಓಡಿಹೋಗುವುದು. ಗೆರೆಯ ಮೇಲಲ್ಲ, ಪಕ್ಕದಲ್ಲಿ ಒತ್ತಿದ್ದಾರೆ. ಎರಡು ಗೆರೆ ಕೂಡುವಲ್ಲಿ ಬಿಂದು ಬೇಕಾದರೂ ಕಣ್ಣಂದಾಜು ಬೇಡ, ಇಂಟರ್ಸೆಕ್ಟ್ ಟೂಲ್ ಬಳಸಿ. ಬಿಂದುವಿನ ಬಣ್ಣ ನೋಡಿಯೇ ತಿಳಿಯಬಹುದು: ಸ್ವತಂತ್ರ ಬಿಂದು ನೀಲಿ, ಗೆರೆಗೆ ಅಂಟಿಕೊಂಡು ಓಡಾಡುವುದು ತಿಳಿನೀಲಿ, ಪೂರ್ತಿ ಬೇರೆಯದಕ್ಕೆ ಕಟ್ಟುಬಿದ್ದದ್ದು ಕಪ್ಪು.

ಕೋನ 90ರ ಬದಲು 270 ಬರುವುದು. ಜಿಯೋಜೆಬ್ರಾ ಕೋನವನ್ನು ಅಪ್ರದಕ್ಷಿಣವಾಗಿ ಅಳೆಯುತ್ತದೆ. ಆದ್ದರಿಂದ ಬಿಂದುಗಳನ್ನು ಒತ್ತುವ ಕ್ರಮ ತಿರುಗಿದರೂ, ಡಿಯನ್ನು ವ್ಯಾಸದ ಆಚೆ ಬದಿಗೆ ಎಳೆದರೂ 180ಕ್ಕಿಂತ ದೊಡ್ಡದಾದ ಸರಳಾಧಿಕ ಕೋನ ತೋರಿಸಬಹುದು. ಕೋನದ ಪ್ರಾಪರ್ಟೀಸ್‌ನಲ್ಲಿ 0ಯಿಂದ 180 ಎಂದು ಆಯ್ದರೆ ತೊಂದರೆ ಇಲ್ಲ. ಆದರೆ ಮೊದಲ ಸಲ 270 ಬಂದಾಗ ಸರಿಪಡಿಸುವ ಆತುರ ಬೇಡ. ಏಕೆ ಬಂತೆಂದು ಮಕ್ಕಳೇ ಹೇಳಲಿ, 360ರಿಂದ ಕಳೆಯಲಿ.

ತ್ರಿಭುಜದ ಕೋನಗಳ ಮೊತ್ತ 179 ಎಂದು ಕಾಣುವುದು. ತಂತ್ರಾಂಶ ಅಂಕಿಗಳನ್ನು ಸುತ್ತುಗೂಡಿಸಿ ತೋರಿಸುತ್ತದೆ. ದಶಮಾಂಶ ಸ್ಥಾನ ಸೊನ್ನೆಗಿಟ್ಟಿದ್ದಾಗ 60.4, 59.4, 60.2 ಇದ್ದರೆ ಪರದೆಯಲ್ಲಿ 60, 59, 60. "ಕಂಪ್ಯೂಟರೂ ತಪ್ಪಾಗಿ ಅಳೆಯುತ್ತಾ ಮಿಸ್?" ಎಂಬ ಪ್ರಶ್ನೆ ಬಂದರೆ ಖುಷಿಪಡಿ, ಹಂತ 1ರ ಅಂಕಿಗಳನ್ನು ಮತ್ತೆ ತೆಗೆಯಿರಿ. ದಶಮಾಂಶ ಸ್ಥಾನ ಹೆಚ್ಚಿಸಿ ತೋರಿಸಿ.

ನಾಲ್ಕನೆಯದು ಟ್ಯಾಂಜೆಂಟ್ಸ್ ಟೂಲ್. ಬಿಂದುವನ್ನೂ ವೃತ್ತವನ್ನೂ ಒತ್ತಿದರೆ ಸಾಕು, ಎರಡೂ ಸ್ಪರ್ಶಕ ಬರುತ್ತವೆ. ಹಂತ 5ರ ರಚನೆಯನ್ನು ಪರದೆಯ ಮೇಲೂ ಒಂದೊಂದೇ ಹೆಜ್ಜೆ ಮಾಡಿ ಮುಗಿಸುವವರೆಗೆ ಅದನ್ನು ಮುಟ್ಟಬಾರದೆಂದು ನಾನು ಮೊದಲೇ ಹೇಳಿಬಿಡುತ್ತೇನೆ.

ಒಂದು ಪರೀಕ್ಷೆ ಎಲ್ಲ ಚಿತ್ರಕ್ಕೂ ಅನ್ವಯಿಸುತ್ತದೆ. ಮಗು ತೋರಿಸಿದ ಚೌಕದ ಒಂದು ಮೂಲೆ ಹಿಡಿದು ಎಳೆಯಿರಿ. ಚೌಕ ದೊಡ್ಡದಾಗಿ, ತಿರುಗಿ, ಚೌಕವಾಗಿಯೇ ಉಳಿದರೆ ಅದು ರಚಿಸಿದ್ದು. ಸೊಟ್ಟಗಾದರೆ ಬರೀ ಬರೆದದ್ದು. ಲಂಬವನ್ನೂ ಸಮ ಉದ್ದವನ್ನೂ ಟೂಲ್‌ನಿಂದ ಕಟ್ಟಿಲ್ಲ. ಬೈಯುವ ಅಗತ್ಯವೇ ಇಲ್ಲ, ಎಳೆದ ಕೂಡಲೇ ಮಗುವಿಗೇ ಗೊತ್ತಾಗುತ್ತದೆ.

ಇರುವುದು ಒಂದೇ ಮೊಬೈಲ್ ಎಂದರೆ ಐದೈದು ಮಕ್ಕಳ ಗುಂಪು ಮಾಡಿ, ಉಳಿದವರು ಹಂತ 5ರ ಕೆಲಸದಲ್ಲಿರಲಿ. ಬಿಂದು ಎಳೆಯುವ ಮೊದಲು ಪ್ರತಿಯೊಬ್ಬರೂ "ಕೋನ ಹೆಚ್ಚುತ್ತದೆ, ಕಡಿಮೆಯಾಗುತ್ತದೆ, ಹಾಗೇ ಇರುತ್ತದೆ" ಇವುಗಳಲ್ಲಿ ಒಂದನ್ನು ಚೀಟಿಯಲ್ಲಿ ಬರೆಯಲಿ. ಊಹೆ ಬರೆಯದವರ ಕೈಗೆ ಮೊಬೈಲ್ ಇಲ್ಲ.

ಹಂತ 7: ಎಲ್ಲವನ್ನೂ ಎತ್ತಿಟ್ಟು ಸಾಧನೆ

ಕೊನೆಯ ಪಿರಿಯಡ್‌ನಲ್ಲಿ ಮೇಜಿನ ಮೇಲೆ ಪೆನ್ನು, ಪುಸ್ತಕ ಬಿಟ್ಟು ಬೇರೇನೂ ಇರಬಾರದು. ಕೇಳುವ ಪ್ರಶ್ನೆ ಒಂದೇ: "ನಾವು ನೋಡದೇ ಇರುವ ತ್ರಿಭುಜಕ್ಕೂ ಇದು ನಿಜ ಅಂತ ಹೇಗೆ ಹೇಳ್ತೀರಿ?"

ಮೊತ್ತ 180° ಎಂಬುದಕ್ಕೆ ಮಡಿಸಿದ ಕಾಗದ ಬಿಚ್ಚಿಸಿ. ಎ ಡಿಗೆ ಬಂದಾಗ ಮೂಡಿದ ಮಡಿಕೆ ಬುಡಕ್ಕೆ ಸಮಾಂತರ. ಅಂಥದೇ ಸಮಾಂತರ ರೇಖೆಯನ್ನು ಎ ಮೂಲಕ ಎಳೆದರೆ ಪರ್ಯಾಯ ಕೋನಗಳಿಂದ ಬಿ ಮತ್ತು ಸಿ ಎರಡೂ ಎ ಪಕ್ಕಕ್ಕೆ ಬಂದು ಕೂರುತ್ತವೆ, ಸರಳಕೋನವಾಗುತ್ತದೆ.

ಅರ್ಧವೃತ್ತಕ್ಕೆ ಒಡಿ ಸೇರಿಸಲು ಹೇಳಿ. ಒಎ, ಒಡಿ, ಒಬಿ ಮೂರೂ ತ್ರಿಜ್ಯ. ಎರಡು ಸಮದ್ವಿಬಾಹು ತ್ರಿಭುಜ. ಒಂದರ ಸಮ ಕೋನಗಳು x, ಇನ್ನೊಂದರವು y ಆದರೆ ದೊಡ್ಡ ತ್ರಿಭುಜದಲ್ಲಿ 2x + 2y = 180°. ಡಿಯಲ್ಲಿರುವುದು x + y, ಅಂದರೆ 90°. ಸ್ಪರ್ಶಕದ ರಚನೆಯಲ್ಲಿ ಒಪಿಯೇ ಎರಡನೆಯ ವೃತ್ತದ ವ್ಯಾಸ. ಆದ್ದರಿಂದ ವೃತ್ತಗಳು ಕೂಡುವಲ್ಲಿ ಲಂಬಕೋನ. ತ್ರಿಜ್ಯಕ್ಕೆ ಅದರ ತುದಿಯಲ್ಲಿ ಲಂಬವಾದ ರೇಖೆ ಸ್ಪರ್ಶಕ.

ಮಗು "ಅಳೆದು ನೋಡಿದೆವು, ಬಂತು" ಎಂದೇ ಬರೆದಿದ್ದರೆ ಹಂತ 2ಕ್ಕೆ ಹಿಂದಿರುಗಿ, ಇನ್ನೊಂದು ಚಿತ್ರ ತೋರಿಸಲು ಹೋಗಬೇಡಿ. "ಪಕ್ಕದ ಎರಡು ತ್ರಿಜ್ಯ ಸಮ, ಅದಕ್ಕೇ" ಎಂದು ಅರ್ಧ ವಾಕ್ಯ ಬರೆದಿದ್ದರೂ ಆ ಪುಸ್ತಕ ಹಿಡಿದು ಬೋರ್ಡಿಗೆ ಬನ್ನಿ, ಉಳಿದರ್ಧವನ್ನು ತರಗತಿ ಪೂರ್ತಿ ಮಾಡಲಿ.